ಗುರುವಿನ ಮೇಲೇ ಫಿರಂಗಿ

ಮಡಿಕೇರಿಯಲ್ಲಿ ಸೇನೆಯ ಮಾತು ಬಂದರೆ ಊಟ ತಣ್ಣಗಾದರೂ ಯಾರೂ ಏಳುವುದಿಲ್ಲ. ಮೊನ್ನೆ ಸುಬೇದಾರ್ ಆಗಿ ನಿವೃತ್ತರಾದ ಮಾವನ ಹತ್ತಿರ ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್ ವಿಷಯ ತೆಗೆದೆ. 1860ರ ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದರು, ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಡತೊಡಗಿದವು, ಅಲ್ಲಿನ ಕೆಡೆಟ್‌ಗಳು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಹೊರಟರು. ಟೆಕ್ಸಾಸಿನಿಂದ ಬಂದಿದ್ದ ಥಾಮಸ್ ರಾಸರ್ ಅಂತೂ ಪದವಿಗೆ ಕೆಲವೇ ವಾರ ಇರುವಾಗ ಹೋಗಿಬಿಟ್ಟ. ಗೆಳೆಯ ಕಸ್ಟರ್ ಒಕ್ಕೂಟದ ಕಡೆಯೇ ಉಳಿದ. ಅಂತರ್ಯುದ್ಧ ನಡೆದಿದ್ದ 1864ರಲ್ಲಿ ಟಾಮ್ಸ್ ಬ್ರೂಕ್ ಕಾಳಗದಲ್ಲಿ ಇಬ್ಬರೂ ಎದುರುಬದುರು!

ಅದಕ್ಕಿಂತ ಜಾಸ್ತಿ ಕಾಡುವುದು ಒಕ್ಕೂಟದ ಸೇನೆಯ ಕೈಯಲ್ಲಿದ್ದ ಸಮ್ಟರ್ ಕೋಟೆ. 1861ರ ಏಪ್ರಿಲ್‌ನಲ್ಲಿ ಅದರ ಮೇಲೆ ಫಿರಂಗಿ ಹಾರಿಸಿದ ದಕ್ಷಿಣದ ಸೇನಾಪತಿ ಬೊರೆಗಾರ್ಡ್‌ಗೆ ವೆಸ್ಟ್ ಪಾಯಿಂಟ್‌ನಲ್ಲಿ ಆ ವಿದ್ಯೆ ಕಲಿಸಿದ್ದು ಕೋಟೆಯೊಳಗಿದ್ದ ಮೇಜರ್ ಆಂಡರ್ಸನ್ ಅವರೇ.

"ಪ್ರಮಾಣ ಮಾಡಿದ ಮೇಲೆ ಊರು ಯಾವ ಲೆಕ್ಕ?" ಅಂದರು ಮಾವ. ಎದುರಿಗೆ ಸ್ವಂತ ತಮ್ಮ ಇದ್ದರೆ? ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಆದರೂ ಗುಲಾಮಗಿರಿಗಾಗಿ ಹೊರಟವರನ್ನು ಸುಮ್ನೆ ಊರಪ್ರೇಮಿಗಳು ಅನ್ನಲು ನನಗೆ ಮನಸ್ಸಿಲ್ಲ.