ನಾಲ್ಕು ಸೀಟು, ಎರಡು ದರ

ನಮ್ಮ ಭಾವನವರಿಗೆ ವಿಯೆಟ್ನಾಮಿಗೆ ಹೋಗಬೇಕೆನ್ನಿಸಿದ್ದು ಅಲ್ಲಿನ ಕಡಲತೀರವನ್ನೋ ಹಳೆಯ ದೇಗುಲಗಳನ್ನೋ ನೋಡುವ ಆಸೆಯಿಂದಲ್ಲ, ಕಾಳುಮೆಣಸಿನ ಮೇಲಿನ ಸಿಟ್ಟಿನಿಂದ. ತೀರ್ಥಹಳ್ಳಿಯ ಕಡೆ ಅವರಿಗೆ ಅಡಿಕೆ ತೋಟವಿದೆ. ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳಿವೆ. ಜಗತ್ತಿನಲ್ಲೇ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿನ ಮಾಲು ಕಡಿಮೆ ಬೆಲೆಗೆ, ಕೆಲವೊಮ್ಮೆ ಶ್ರೀಲಂಕಾದ ದಾರಿ ಹಿಡಿದು, ನಮ್ಮ ಮಾರುಕಟ್ಟೆಗೆ ಬಂದು ಬೀಳುತ್ತದೆಂಬುದು ಮಲೆನಾಡು ಮತ್ತು ಕೊಡಗಿನ ಬೆಳೆಗಾರರ ಹಳೆಯ ದೂರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ದರ ಗೊತ್ತುಮಾಡಿದ ಹಿಂದೆಯೂ ಈ ದೂರೇ ಇತ್ತು. “ನಮ್ಮ ಬೆಲೆ ಕೆಡಿಸಿದವರ ತೋಟ ಹೇಗಿದೆ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕು ಮಾರಾಯ್ತಿ” ಎಂದು ಭಾವನವರು ಹೇಳುತ್ತಲೇ ಇದ್ದರು.

2025ರ ದೀಪಾವಳಿಗೆ ನಾನೂ ನನ್ನ ಪತಿಯೂ ಮೈಸೂರಿನಿಂದ ಅಕ್ಕನ ಮನೆಗೆ ಹೋಗಿದ್ದಾಗ ಆ ಮಾತು ಕಾಗದಕ್ಕೆ ಇಳಿಯಿತು. ಪಾಡ್ಯದ ಗೋಪೂಜೆ ಮುಗಿದು, ಹೋಳಿಗೆ ಊಟವಾಗಿ, ಮನೆಯವರೆಲ್ಲ ಜಗಲಿಯಲ್ಲಿ ಕುಳಿತಿದ್ದಾಗ ಭಾವನವರು ಪ್ರವಾಸದ ಏಜೆಂಟರೊಬ್ಬರು ಕೊಟ್ಟಿದ್ದ ಹಾಳೆಯನ್ನು ನನ್ನ ಮುಂದಿಟ್ಟರು. ತಲಾ ಒಂದು ಲಕ್ಷದ ಸಮೀಪದ ಆ ಪ್ಯಾಕೇಜಿನಲ್ಲಿ ದೋಣಿ ವಿಹಾರ, ಸುರಂಗ, ಬೊಂಬೆಯಾಟ ಎಲ್ಲವೂ ಇತ್ತು, ಮೆಣಸಿನ ತೋಟವೊಂದನ್ನು ಬಿಟ್ಟು. ಕೆಳಗೆ ಶೇಕಡಾ 5ರ ಟಿಸಿಎಸ್ ಬೇರೆ ಸೇರಿತ್ತು. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಏಜೆಂಟರು ಈ ತೆರಿಗೆಯನ್ನು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ರಿಟರ್ನ್ಸ್ ಸಲ್ಲಿಸಿದಾಗ ನಮ್ಮ ತೆರಿಗೆಗೆ ವಜಾ ಆಗುತ್ತದೆ ಅಥವಾ ಮರಳಿ ಬರುತ್ತದೆ. ಆದರೆ ಕೃಷಿ ಆದಾಯವನ್ನೇ ನಂಬಿದ ಭಾವನವರು ಆ ಹಣ ಮರಳಿ ಪಡೆಯುವುದಕ್ಕಾಗಿಯೇ ರಿಟರ್ನ್ಸ್ ಹಾಕಬೇಕಾಗುತ್ತಿತ್ತು. ವಿಮಾನದ ಟಿಕೆಟನ್ನು ಬೇರೆಯಾಗಿ, ವಸತಿಯನ್ನು ಬೇರೆಯಾಗಿ ನಾವೇ ಕಾದಿರಿಸಿದರೆ ಈ ಗೋಜು ಇಲ್ಲ. ನಮ್ಮ ಬಂಧುಬಳಗದಲ್ಲಿ ಯಾರಿಗೇ ಟಿಕೆಟ್ ಬೇಕಾದರೂ ನನಗೇ ಫೋನು ಬರುವುದು ರೂಢಿಯಾಗಿರುವುದರಿಂದ, ಅಕ್ಕನ ಮಗನ ಲ್ಯಾಪ್‌ಟಾಪ್ ನನ್ನ ಮಡಿಲಿಗೆ ಬರುವುದಕ್ಕೆ ತಡವಾಗಲಿಲ್ಲ.

ನಾನು ಮೊದಲು ದರ ನೋಡುವುದಿಲ್ಲ, ಯಾವ ಯಾವ ದಿನ ಹೋಗಲು ಸಾಧ್ಯವೇ ಇಲ್ಲ ಎಂಬುದನ್ನು ಕೇಳುತ್ತೇನೆ. ದೀಪಾವಳಿ ಕಳೆದರೆ ಕೊನೆಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಂದು ಜನವರಿ ಮುಗಿಯುವ ತನಕ ಅಡಿಕೆಯವರು ಮನೆ ಬಿಡುವಂತಿಲ್ಲ. ಶಿವರಾತ್ರಿ ಕಳೆದ ಮೇಲೆ ಮೆಣಸು ಕೊಯ್ಯಲು ಆಳು ಹುಡುಕುವ ತಾಪತ್ರಯ. 2026ರಲ್ಲಿ ಶಿವರಾತ್ರಿ ಫೆಬ್ರವರಿ 15ಕ್ಕೆ. ಅತ್ತ ವಿಯೆಟ್ನಾಮಿನ ಹೊಸವರ್ಷವಾದ ಟೆಟ್ ಹಬ್ಬ ಫೆಬ್ರವರಿ 17ಕ್ಕೆ. ಅದರ ಆಸುಪಾಸಿನಲ್ಲಿ ಇಡೀ ದೇಶವೇ ಊರಿಗೆ ಹೊರಡುವುದರಿಂದ ಬಸ್ಸು, ರೈಲು, ವಿಮಾನ ಎಲ್ಲವೂ ಭರ್ತಿ, ಹಬ್ಬದ ದಿನಗಳಲ್ಲಿ ಅಂಗಡಿಗಳೂ ಬಂದ್. ಹೀಗೆ ಎರಡು ದೇಶಗಳ ಹಬ್ಬಗಳ ನಡುವೆ ನಮಗೆ ಉಳಿದದ್ದು ಫೆಬ್ರವರಿಯ ಮೊದಲ ಎರಡು ವಾರ. ದಕ್ಷಿಣ ವಿಯೆಟ್ನಾಮಿನಲ್ಲಿ ಆಗ ಮಳೆಯಿಲ್ಲ, ಮೆಣಸಿನ ಕೊಯ್ಲು ಶುರುವಾಗುವ ಹೊತ್ತು ಬೇರೆ.

ಗೂಗಲ್ ಫ್ಲೈಟ್ಸ್‌ನಲ್ಲಿ ದಿನಾಂಕಗಳ ಪಟ್ಟಿಯನ್ನು ಬಿಡಿಸಿದರೆ ಹೋಗುವ ದಿನ ಒಂದು ಬದಿಗೆ, ಬರುವ ದಿನ ಇನ್ನೊಂದು ಬದಿಗೆ ನಿಂತು, ನಡುವಿನ ಚೌಕಗಳಲ್ಲಿ ದರಗಳು ತುಂಬಿಕೊಳ್ಳುತ್ತವೆ. ಶುಕ್ರವಾರ, ಶನಿವಾರ ಹೊರಟು ಭಾನುವಾರ ಮರಳುವ ಚೌಕಗಳೆಲ್ಲ ದುಬಾರಿ. ಮಂಗಳವಾರ, ಬುಧವಾರಗಳಲ್ಲಿ ಹೊರಟು ವಾರದ ನಡುವೆ ಮರಳುವ ಚೌಕಗಳು ಹಸಿರು. ಇದನ್ನು ನಾನು ಓದಿ ಹೇಳುತ್ತಿದ್ದಂತೆ ಅಕ್ಕ ಒಳಗಿನಿಂದ ಪಂಚಾಂಗ ತಂದು ವಾರಶೂಲ ನೋಡತೊಡಗಿದಳು. ಸೋಮವಾರ ಮತ್ತು ಶನಿವಾರ ಪೂರ್ವಕ್ಕೆ ಶೂಲ, ಆದ್ದರಿಂದ ಆ ದಿನಗಳಲ್ಲಿ ಹೊರಡುವುದು ಬೇಡ. ಭಾನುವಾರ ಮತ್ತು ಶುಕ್ರವಾರ ಪಶ್ಚಿಮಕ್ಕೆ ಶೂಲ, ಆ ದಿನಗಳಲ್ಲಿ ಮರಳುವುದು ಬೇಡ. ಪಂಚಾಂಗವೂ ವಿಮಾನ ಕಂಪನಿಯೂ ಇಷ್ಟೊಂದು ಒಮ್ಮತದಿಂದ ಮಾತನಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಫೆಬ್ರವರಿ 4ರ ಬುಧವಾರ ಹೊರಟು 12ರ ಗುರುವಾರ ಮರಳುವುದೆಂದು ಇಬ್ಬರ ಒಪ್ಪಿಗೆಯೂ ದೊರೆಯಿತು.

ಅಲ್ಲೊಂದು ತೊಡಕಿತ್ತು. ಬೆಂಗಳೂರಿನಿಂದ ವಿಮಾನ ಹೊರಡುವುದು ರಾತ್ರಿ 12 ಗಂಟೆ 40 ನಿಮಿಷಕ್ಕೆ. ಟಿಕೆಟ್ಟಿನ ಪ್ರಕಾರ ಅದು ಬುಧವಾರ. ಸೂರ್ಯ ಹುಟ್ಟಿದ ಮೇಲೆ ವಾರ ಬದಲಾಗುತ್ತದೆಂದು ನಂಬಿರುವ ಅಕ್ಕನ ಪ್ರಕಾರ ಅದಿನ್ನೂ ಮಂಗಳವಾರ. ಮಂಗಳವಾರಕ್ಕೂ ಪೂರ್ವದ ಶೂಲವಿಲ್ಲವಾದ್ದರಿಂದ ವಾದ ಬೆಳೆಯಲಿಲ್ಲ. ಆದರೆ ಈ ವಿಷಯದಲ್ಲಿ ಅಕ್ಕನ ಲೆಕ್ಕವೇ ಪ್ರಯಾಣಿಕರಿಗೆ ಕ್ಷೇಮವೆಂದು ನನ್ನ ಅಭಿಪ್ರಾಯ. ಬುಧವಾರವೆಂದು ಬರೆದುಕೊಂಡು ಬುಧವಾರ ಸಂಜೆ ದೇವನಹಳ್ಳಿಗೆ ಹೊರಟವರ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ 3ನೆಯ ತಾರೀಖಿನ ಚೌಕದೊಳಗೆ “ರಾತ್ರಿ 9ಕ್ಕೆ ಏರ್‌ಪೋರ್ಟ್” ಎಂದು ಬರೆಯಿಸಿದೆ.

“ಮಂಗಳೂರಿನಿಂದ ಇಲ್ಲವೇ?” ಎಂದು ಭಾವನವರು ಕೇಳಿದರು. ಆಗುಂಬೆ ಘಾಟಿ ಇಳಿದರೆ ಮಂಗಳೂರು ಹತ್ತಿರ, ನಿಜ. ಆದರೆ ಅಲ್ಲಿಂದ ಹೊರದೇಶಕ್ಕೆ ಹಾರುವ ವಿಮಾನಗಳು ಹೆಚ್ಚಾಗಿ ಕೊಲ್ಲಿ ರಾಷ್ಟ್ರಗಳಿಗೆ. ಕೊಚ್ಚಿಯಿಂದ ದಕ್ಷಿಣ ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಗೆ ನೇರ ವಿಮಾನವಿದೆ, ದರವೂ ಒಂದಿಷ್ಟು ಕಡಿಮೆ ಕಂಡಿತು. ತೀರ್ಥಹಳ್ಳಿಯಿಂದ ಕೊಚ್ಚಿ ಸೇರುವ ಖರ್ಚನ್ನೂ ಅಲ್ಲಿನ ಒಂದು ರಾತ್ರಿಯ ವಸತಿಯನ್ನೂ ಕೂಡಿಸಿದೊಡನೆ ಆ ಲಾಭ ಕರಗಿತು. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ಎಂದು ಹೊಂದಿಸಿದರೆ ತಲಾ ಎರಡು ಸಾವಿರ ಉಳಿಯುವಂತಿತ್ತು. ಮಲೇಶಿಯಾಕ್ಕೆ ಭಾರತೀಯರು 2026ರ ಕೊನೆಯ ತನಕ ವೀಸಾ ಇಲ್ಲದೆ ಹೋಗಬಹುದು. “ಹಾಗಾದ್ರೆ ಮಲೇಶಿಯಾನೂ ನೋಡಿದ ಹಾಗಾಯ್ತಲ್ಲ” ಎಂದು ಭಾವನವರು ಉತ್ಸಾಹ ತೋರಿದರು. ನೋಡಲು ಸಿಗುವುದು ಇಮಿಗ್ರೇಷನ್ನಿನ ಸಾಲು ಮಾತ್ರ ಎಂದೆ. ಎರಡು ಬೇರೆ ಬೇರೆ ಟಿಕೆಟ್‌ಗಳಾದರೆ ಮೊದಲ ವಿಮಾನ ತಡವಾದಾಗ ಎರಡನೆಯ ಕಂಪನಿಗೆ ಯಾವ ಹೊಣೆಯೂ ಇರುವುದಿಲ್ಲ; ಸಾಮಾನನ್ನು ನಾವೇ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು; ಆ ದೇಶದೊಳಗೆ ಕಾಲಿಡುವುದರಿಂದ ಅದರ ಡಿಜಿಟಲ್ ಆಗಮನ ಪತ್ರವನ್ನೂ ಮುಂಚಿತವಾಗಿ ತುಂಬಬೇಕು. ಅರವತ್ತು ದಾಟಿದವರನ್ನು ಕರೆದುಕೊಂಡು ಎರಡು ಸಾವಿರಕ್ಕಾಗಿ ಅಷ್ಟು ಓಡಾಡುವ ಮನಸ್ಸು ನನಗಿರಲಿಲ್ಲ. ಇದೇ ಕಾರಣಕ್ಕೆ, ಶಿವಮೊಗ್ಗದಿಂದ ಬೆಂಗಳೂರಿಗೂ ವಿಮಾನದಲ್ಲೇ ಬರುವ ಅವರ ಯೋಚನೆಯನ್ನು ಬಿಡಿಸಿ, ಬೆಳಗಿನ ಜನಶತಾಬ್ದಿ ರೈಲಿಗೆ ಒಪ್ಪಿಸಿದೆ. ಮಲ್ಲೇಶ್ವರದ ನೆಂಟರ ಮನೆಯಲ್ಲಿ ಊಟ, ನಿದ್ದೆ ಮುಗಿಸಿ ಅವರು ವಾಯುವಜ್ರ ಬಸ್ಸಿನಲ್ಲಿ ಬರುವುದು, ನಾವು ಮೈಸೂರಿನಿಂದ ಫ್ಲೈಬಸ್ಸಿನಲ್ಲಿ ಬರುವುದು, ಎರಡನೆಯ ಟರ್ಮಿನಲ್ಲಿನ ಮುಂದೆ ಸೇರುವುದು ಎಂದಾಯಿತು.

ನೇರ ವಿಮಾನದ ದರವನ್ನು ನಾಲ್ವರಿಗೆಂದು ಹುಡುಕಿದಾಗ ಹೋಗುವ ಟಿಕೆಟ್ ತಲಾ 9,700 ರೂಪಾಯಿ ತೋರಿಸಿತು. ಒಬ್ಬರಿಗೆಂದು ಹುಡುಕಿದೆ: 8,200. ಇಬ್ಬರಿಗೆಂದು ಹುಡುಕಿದೆ: ಆಗಲೂ ತಲಾ 8,200. ಮೂವರು ಎಂದೊಡನೆ ಎಲ್ಲರಿಗೂ 9,700. ಅಕ್ಕನ ಮಗ ಇದನ್ನು ಕಂಡು, ನಾವು ಮತ್ತೆ ಮತ್ತೆ ಹುಡುಕುವುದನ್ನು ನೋಡಿಯೇ ಕಂಪನಿ ದರ ಏರಿಸುತ್ತಿದೆ, ಇನ್‌ಕಾಗ್ನಿಟೋದಲ್ಲಿ ತೆರೆಯಬೇಕು ಎಂದು ಹಟ ಹಿಡಿದ. ತೆರೆದದ್ದಾಯಿತು, ಅವನ ಮೊಬೈಲಿನಲ್ಲೂ ನೋಡಿದ್ದಾಯಿತು; ಅವೇ ಅಂಕಿಗಳು. ಕಾರಣ ಬೇರೆಯೇ ಇದೆ. ಒಂದೇ ಎಕಾನಮಿ ತರಗತಿಯ ಸೀಟುಗಳನ್ನು ಕಂಪನಿಗಳು ಹಲವು ದರಗಳ ಗುಂಪುಗಳಾಗಿ ಒಡೆದಿಟ್ಟಿರುತ್ತವೆ. ಅಗ್ಗದ ಗುಂಪು ಖಾಲಿಯಾದ ಮೇಲೆ ಮುಂದಿನದು ತೆರೆಯುತ್ತದೆ. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರಗಳ ಮೇಲಿನ ಸರ್ಕಾರದ ಹಿಡಿತ ಸಡಿಲವಾದ ಮೇಲೆ ಬಲಿತ ಈ ಪದ್ಧತಿ ಈಗ ಎಲ್ಲ ಕಡೆಯೂ ಇದೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದಾಗ ನಾಲ್ವರಿಗೆ ಒಟ್ಟಿಗೆ ಕೇಳಿದರೆ, ಯಂತ್ರವು ಇಬ್ಬರಿಗೆ ಒಂದು, ಇಬ್ಬರಿಗೆ ಇನ್ನೊಂದು ಎಂದು ಹಂಚುವುದಿಲ್ಲ. ನಾಲ್ಕೂ ಸೀಟು ಸಿಗುವ ಮೇಲಿನ ಗುಂಪಿಗೆ ಎಲ್ಲರನ್ನೂ ಏರಿಸಿಬಿಡುತ್ತದೆ.

ಭಾವನವರಿಗೆ ಇದು ಬಗೆಬಗೆಯ ಅಡಿಕೆಗೆ ಬೇರೆ ಬೇರೆ ದರ ಕಟ್ಟುವ ಮಂಡಿಯ ಭಾಷೆಯಲ್ಲಿ ಅರ್ಥವಾಯಿತು, ಅರ್ಥವಾದ ಮೇಲೆ ಸಿಟ್ಟೂ ಬಂತು. “ಮಂಡೀಲಿ ರಾಶಿಗೆ ಒಂದು ರೇಟು, ಬೆಟ್ಟೆಗೆ ಒಂದು, ಗೊರಬಲಿಗೆ ಒಂದು. ಸರಿ, ಅಲ್ಲಿ ಮಾಲೇ ಬೇರೆ. ಇಲ್ಲಿ ಕುರ್ಚಿ ಒಂದೇ ಅಲ್ವೇನೇ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕ ಮತ್ತು ಭಾವನವರ ಹೆಸರಿನಲ್ಲಿ ಒಂದು ಬುಕಿಂಗ್, ನಮ್ಮಿಬ್ಬರ ಹೆಸರಿನಲ್ಲಿ ಇನ್ನೊಂದು ಎಂದು ಒಡೆದು, ಅಗ್ಗದ ದರವನ್ನು ಹಿರಿಯರಿಗೆ ಕೊಡಿಸಿದೆ. ಉಳಿದದ್ದು ಒಟ್ಟು ಮೂರು ಸಾವಿರ. ಬುಕಿಂಗ್ ಒಡೆದರೆ ನಾಳೆ ಕಂಪನಿ ಸಮಯ ಬದಲಿಸಿದಾಗ ಎರಡನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕಾಗುತ್ತದೆ ಎಂಬುದನ್ನು ಎಲ್ಲರಿಗೂ ಹೇಳಿಯೇ ಮಾಡಿದೆ.

ಅಷ್ಟು ಹೊತ್ತು ಸಲೀಸಾಗಿ ನಡೆದ ಕೆಲಸ ಹೆಸರಿನ ಕಲಮಿನಲ್ಲಿ ನಿಂತಿತು. ನಮ್ಮ ಕಡೆ ಹಲವರಿಗೆ ಅಡ್ಡಹೆಸರೇ ಇಲ್ಲ. ಊರಿನದೊಂದು, ತಂದೆಯದೊಂದು ಇನಿಷಿಯಲ್ ಹೊತ್ತು ಜೀವನ ಕಳೆಯುತ್ತೇವೆ. ಭಾವನವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಜಾಗ ಖಾಲಿ, ಊರು, ತಂದೆ, ತಾವು ಮೂವರೂ ಕೊಟ್ಟ ಹೆಸರಿನ ಜಾಗದಲ್ಲೇ ಕುಳಿತಿದ್ದಾರೆ. ಟಿಕೆಟ್ಟಿನ ಅರ್ಜಿಯೋ ಕೊನೆಯ ಹೆಸರಿಲ್ಲದೆ ಮುಂದಕ್ಕೆ ಬಿಡುವುದಿಲ್ಲ. 2022ರ ನವೆಂಬರಿನಲ್ಲಿ ಯುಎಇ ದೇಶವು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಇರುವವರಿಗೆ ಸಂದರ್ಶಕ ವೀಸಾ ಇಲ್ಲವೆಂದಾಗ ದಕ್ಷಿಣ ಭಾರತದ ಎಷ್ಟೋ ಮನೆಗಳಲ್ಲಿ ಎದ್ದಿದ್ದ ಗಾಬರಿ ನನಗೆ ನೆನಪಿತ್ತು. ಇಂಥಲ್ಲಿ ಊಹೆ ಸಲ್ಲದು. ಆಯಾ ಕಂಪನಿಯ ನಿಯಮದ ಪುಟವನ್ನೇ ಓದಿ, ಅದು ಹೇಳಿದಂತೆ ತುಂಬಬೇಕು. ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ತಳದಲ್ಲಿ ಬಾಣದ ಗುರುತುಗಳಿಂದ ತುಂಬಿದ, ತಲಾ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ವಿಮಾನ ನಿಲ್ದಾಣದ ಯಂತ್ರ ಓದುವುದು ಅವನ್ನೇ. ಅಕ್ಕನ ಮಗ ಒಂದೊಂದೇ ಅಕ್ಷರವನ್ನು ಕೂಗಿ ಹೇಳಿದ, ನಾನು ಹೋಲಿಸಿದೆ. ಕಡೆಗೆ ಟಿಕೆಟ್‌ಗಳನ್ನು ಕಂಪನಿಯ ಸ್ವಂತ ಜಾಲತಾಣದಲ್ಲೇ ಕೊಂಡೆ. ದರಗಳನ್ನು ಹೋಲಿಸಿ ತೋರಿಸುವ ಸ್ಕೈಸ್ಕ್ಯಾನರ್ ಜಾಲತಾಣದಲ್ಲಿ ಹೆಸರೇ ಕೇಳಿರದ ಮಾರಾಟಗಾರರೊಬ್ಬರು ಮುನ್ನೂರು ರೂಪಾಯಿ ಕಡಿಮೆಗೆ ಕೊಡುತ್ತಿದ್ದರು. ಹೆಸರಿನ ಒಂದು ಅಕ್ಷರ ತಿದ್ದಬೇಕಾಗಿ ಬಂದರೆ ಯಾರ ಬಾಗಿಲು ತಟ್ಟುವುದೆಂಬ ಯೋಚನೆಯಿಂದ ಅದನ್ನು ಬಿಟ್ಟೆ.

ಟಿಕೆಟ್ ದರದಲ್ಲಿ ಸೇರಿದ್ದು ತಲಾ 7 ಕಿಲೋ ಕೈಚೀಲ ಮಾತ್ರ. ಅಕ್ಕನ ಯಾದಿಯಲ್ಲಿ ಅವಲಕ್ಕಿ, ಚಟ್ನಿಪುಡಿ, ಮಾವಿನಮಿಡಿ ಉಪ್ಪಿನಕಾಯಿ, ಹುರಿಹಿಟ್ಟು ಎಲ್ಲ ಇದ್ದವು. ಉಪ್ಪಿನಕಾಯಿಯ ಭರಣಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಅದನ್ನೂ ದ್ರವವೆಂದೇ ಎಣಿಸುತ್ತಾರೆ. ನಾಲ್ವರಿಗೂ ಬೇರೆ ಬೇರೆ ಲಗೇಜು ಕೊಳ್ಳದೆ, ಹೋಗಲು 20 ಕಿಲೋದ ಒಂದು, ಬರಲು ಒಂದು ಎಂದು ಟಿಕೆಟ್ ಕೊಳ್ಳುವಾಗಲೇ ಸೇರಿಸಿದೆ. ಇದನ್ನೇ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೊಂಡರೆ ದರ ಎಲ್ಲಿಗೋ ಹೋಗುತ್ತದೆ. ಭಾವನವರು ಅಡಿಕೆ ತೂಗುವ ಯಂತ್ರದ ಮೇಲೆ ಖಾಲಿ ಸೂಟ್‌ಕೇಸ್ ಇಟ್ಟು ನೋಡಿದರು. ಅದರ ತೂಕವೇ ನಾಲ್ಕು ಕಿಲೋಗೆ ಸಮೀಪ ಬಂದದ್ದರಿಂದ ಅದನ್ನು ಅಟ್ಟಕ್ಕೆ ಹಾಕಿ ಬಟ್ಟೆಯ ಚೀಲ ಹುಡುಕಲು ಹೋದರು.

ವೀಸಾಕ್ಕೆ ಮಾತ್ರ ಆತುರಪಡಲಿಲ್ಲ. ವಿಯೆಟ್ನಾಮಿನ ಇ-ವೀಸಾ ಒಂದು ಪ್ರವೇಶಕ್ಕೆ 25 ಡಾಲರು, ಕೊಟ್ಟ ಶುಲ್ಕ ಮರಳಿ ಬರುವುದಿಲ್ಲ, ಮತ್ತು ಯಾವ ದಿನದಿಂದ ಎಂದು ಅರ್ಜಿಯಲ್ಲೇ ಬರೆಯಬೇಕು. ಅಗ್ಗದ ವಿಮಾನಗಳ ಸಮಯ ಬದಲಾಗುವುದು ಸಾಮಾನ್ಯವಾದ್ದರಿಂದ ಜನವರಿಯ ತನಕ ಕಾಯುವುದೆಂದು ತೀರ್ಮಾನಿಸಿದೆವು. ಕನ್ನಡಕ ತೆಗೆದು ಫೋಟೊ ತೆಗೆಸಬೇಕೆಂದಾಗ, ಕನ್ನಡಕವಿಲ್ಲದ ತಮ್ಮ ಮುಖವನ್ನು ಅಲ್ಲಿ ಯಾರು ಗುರುತು ಹಿಡಿಯುತ್ತಾರೆಂದು ಭಾವನವರು ಕೇಳಿದರು. ಆದರೂ ಮರುದಿನವೇ ತೀರ್ಥಹಳ್ಳಿಯ ಸ್ಟುಡಿಯೋಕ್ಕೆ ಹೋಗಿ ಬಂದರು. ಹೋ ಚಿ ಮಿನ್ ಸಿಟಿಯಿಂದ ಮೆಣಸು, ಕಾಫಿಗಳ ನಾಡಾದ ಡಾಕ್ ಲಾಕ್ ಪ್ರಾಂತಕ್ಕೆ ದೇಶದೊಳಗಿನ ವಿಮಾನ ಹಬ್ಬದ ಮುಂಚೆ ಬಲು ದುಬಾರಿಯಾದ್ದರಿಂದ, ಮಲಗಿ ಹೋಗುವ ಬಸ್ಸನ್ನೇ ಗೊತ್ತುಮಾಡಿದೆವು.

ಡಿಸೆಂಬರಿನಲ್ಲಿ ಕಂಪನಿಯಿಂದ ನನಗೊಂದು ಮಿಂಚಂಚೆ ಬಂತು. ವಿಮಾನ ಈಗ 3ನೆಯ ತಾರೀಖಿನ ರಾತ್ರಿ 11 ಗಂಟೆ 50 ನಿಮಿಷಕ್ಕೇ ಹೊರಡುತ್ತದೆ. ಅಕ್ಕನಿಗೆ ಫೋನು ಮಾಡಿದರೆ, “ನಾನು ಅವತ್ತೇ ಮಂಗಳವಾರ ಅಂದಿರಲಿಲ್ವೇ” ಎಂದಳು. ಅವರಿಬ್ಬರ ಬುಕಿಂಗಿಗೆ ಮಾತ್ರ ಯಾವ ಸೂಚನೆಯೂ ಬಂದಿರಲಿಲ್ಲ, ಅದರಲ್ಲಿ ಇನ್ನೂ ಹಳೆಯ ಸಮಯವೇ ಇತ್ತು. ಸಹಾಯವಾಣಿಗೆ ಕರೆ ಮಾಡಿ ಎರಡೂ ಬುಕಿಂಗ್ ಸಂಖ್ಯೆಗಳನ್ನು ಕೊಟ್ಟು, ಇದು ಒಂದೇ ಕುಟುಂಬದ ಪ್ರಯಾಣವೆಂದು ಬರೆಯಿಸಿದ ಮೇಲೆ ಅವರದ್ದೂ ಬದಲಾಗಿ ಬಂತು. ಎರಡರಲ್ಲೂ ಒಂದೇ ಸಮಯ ಕಂಡ ಮೇಲೆ, ಪ್ರವೇಶದ ದಿನವನ್ನು ಒಂದು ದಿನ ಹಿಂದಕ್ಕೂ ನಿರ್ಗಮನದ ದಿನವನ್ನು ಕೆಲವು ದಿನ ಮುಂದಕ್ಕೂ ಇಟ್ಟು, ನಾಲ್ವರ ವೀಸಾ ಅರ್ಜಿಗಳನ್ನು ತುಂಬಲು ಕುಳಿತೆ.