ಸೀಮಂತದ ಹಿಂದಿನ ದಿನ

15 ಅಕ್ಟೋಬರ್ 2024, ಮಂಗಳವಾರ
ಮೈಸೂರು

ನಾಳೆ ನಾದಿನಿಯ ಸೀಮಂತ. ಹಸಿರು ಬಳೆಗಳನ್ನು ತಂದಿಟ್ಟಿದ್ದೇನೆ, ಹೋಗುವುದೋ ಬೇಡವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನಮ್ಮಿಬ್ಬರ ಹೆರಿಗೆಯ ದಿನಾಂಕಗಳ ನಡುವೆ ಇದ್ದದ್ದು ಮೂರೇ ವಾರಗಳ ಅಂತರ. ಹೊಟ್ಟೆಯಲ್ಲಿಯೇ ಕಳೆದುಹೋದ ಮಕ್ಕಳನ್ನು ಹಲವು ದೇಶಗಳಲ್ಲಿ ಅಕ್ಟೋಬರ್ 15ರಂದು ನೆನೆಯುತ್ತಾರೆ. ನನ್ನ ಬಳಿ ನೆನೆಯಲು ಉಳಿದಿರುವುದು ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಬರೆದ ಜನವರಿಯ ಒಂದು ತಾರೀಖು.

ಜುಲೈನಲ್ಲಿ, ಹನ್ನೊಂದನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಹೃದಯ ಬಡಿತ ಕಾಣಲಿಲ್ಲ. 'ಕ್ಲೀನಿಂಗ್ ಮಾಡಬೇಕು' ಎಂದರು. ಮನೆಯ ಮೂಲೆ ಗುಡಿಸುವುದಕ್ಕೆ ಬಳಸುವ ಮಾತನ್ನೇ ಇದಕ್ಕೂ ಬಳಸುತ್ತಾರೆಂದು ನನಗೆ ಗೊತ್ತಾದದ್ದು ಅಂದೇ. ಆಮೇಲೆ ನನ್ನನ್ನು ಮಲಗಿಸಿದ್ದು ಬಾಣಂತಿಯರ ವಾರ್ಡಿನಲ್ಲಿ. ಪಕ್ಕದ ಹಾಸಿಗೆಯ ಅಜ್ಜಿ ಅಕ್ಕರೆಯಿಂದಲೇ, 'ನಿಂದು ಗಂಡೋ ಹೆಣ್ಣೋ ಮಗಾ?' ಎಂದು ಕೇಳಿದರು. ಅದನ್ನು ಕೇಳಿಸಿಕೊಂಡ ಆಯಾ ಒಬ್ಬರು ಮಾತಿಲ್ಲದೆ ಪರದೆ ಎಳೆದು, ನನ್ನ ಕಾಲಬಳಿ ಸ್ವಲ್ಪ ಹೊತ್ತು ಕುಳಿತಿದ್ದರು. ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಸಾಂತ್ವನವೆಂದರೆ ಅಷ್ಟೇ.

ಪರಂಗಿ ಹಣ್ಣು ತಿಂದದ್ದರಿಂದಲೋ, ಸ್ಕೂಟರಿನಲ್ಲಿ ಹಂಪುಗಳ ಮೇಲೆ ಹೋದದ್ದರಿಂದಲೋ ಎಂದು ಒಂದು ತಿಂಗಳು ಲೆಕ್ಕ ಹಾಕುತ್ತಲೇ ಇದ್ದೆ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮುಗಳಲ್ಲಿನ ವ್ಯತ್ಯಾಸವೇ ಕಾರಣವೆಂದೂ, ಅದು ತಾಯಿ ಮಾಡಿದ ತಪ್ಪಿನಿಂದ ಆಗುವುದಲ್ಲವೆಂದೂ ವೈದ್ಯರು ಹೇಳಿದ್ದು ಎರಡನೆಯ ಭೇಟಿಯಲ್ಲಿ, ಅದೂ ನಾನು ಕೇಳಿದ ಮೇಲೆ. ಈ ಮಾತನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲಾಗಿ ಬರೆದು ಕೊಟ್ಟಿದ್ದರೆ ಎಷ್ಟು ರಾತ್ರಿಗಳ ನಿದ್ರೆ ಉಳಿಯುತ್ತಿತ್ತು!

1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೆಯ ಕಲಮಿನಂತೆ ಗರ್ಭಪಾತವಾದವರಿಗೂ ಆರು ವಾರಗಳ ವೇತನಸಹಿತ ರಜೆಯಿತ್ತು. 'ಮಗುವೇ ಇಲ್ಲವಲ್ಲ' ಎಂದ ಕಚೇರಿಯ ಗುಮಾಸ್ತರಿಗೆ ಆ ಕಲಮನ್ನು ನಾನೇ ಓದಿ ಹೇಳಬೇಕಾಯಿತು. ರಜೆ ಸಿಕ್ಕಿತು, ಮೈಗೆ ಅದು ಸಾಕೂ ಆಯಿತು.

ನಿದ್ರೆಯಿಲ್ಲದ ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲಿ ಮಾತನಾಡಿದ ಆ ಹೆಣ್ಣುಮಗಳು 'ಇನ್ನೊಂದು ಆಗುತ್ತದೆ ಬಿಡಿ' ಎನ್ನಲಿಲ್ಲ. ಅಳು ನಿಲ್ಲುವವರೆಗೆ ಕಾದು, ಊಟ ಮಾಡಿದಿರಾ ಎಂದು ವಿಚಾರಿಸಿ, ಕೊನೆಗೆ ನನ್ನ ಗಂಡ ಹೇಗಿದ್ದಾರೆಂದು ಕೇಳಿದರು. ಅವರನ್ನು ಎಲ್ಲರೂ 'ಅವಳು ಹೇಗಿದ್ದಾಳೆ' ಎಂದು ಕೇಳಿದ್ದರೇ ಹೊರತು, ಅವರ ವಿಷಯವನ್ನು ನಾನೂ ಸೇರಿದಂತೆ ಯಾರೂ ವಿಚಾರಿಸಿರಲಿಲ್ಲ. ಮರುದಿನ ಕೇಳಿದಾಗ, ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸ್ಕೂಟರಿನ ಮೇಲೆ ಕುಳಿತು ಅತ್ತದ್ದನ್ನು ಹೇಳಿಕೊಂಡರು.

ಸಂಜೆ ಅತ್ತೆ ಬಳೆಗಳನ್ನು ನೋಡಿ, 'ಬಂದರೆ ಸಂತೋಷ, ಬರದಿದ್ದರೆ ನಾನು ನೋಡ್ಕೋತೀನಿ. ಯಾರಾದರೂ ಕೇಳಿದರೆ ಮೈ ಸರಿಯಿಲ್ಲ ಅಂತ ಸುಳ್ಳು ಹೇಳಲ್ಲ, ನಮ್ಮ ಹುಡುಗಿಗೆ ಮನಸ್ಸಿಗೆ ನೋವಾಗಿದೆ ಅಂತಲೇ ಹೇಳ್ತೀನಿ' ಎಂದರು. ಬಳೆಗಳನ್ನು ಅವರ ಚೀಲದಲ್ಲಿಯೇ ಇಟ್ಟೆ.