ಭಾನುವಾರ ಬಾಟಲಿ ಎಸೆಯಬಾರದು

ಜರ್ಮನಿಗೆ ಹೋದ ಮೇಲೆ ಅದು ನನ್ನ ಎರಡನೇ ಭಾನುವಾರ. ಖಾಲಿ ಗಾಜಿನ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಬೀದಿ ತುದಿಯ ದೊಡ್ಡ ಡಬ್ಬಗಳ ಹತ್ತಿರ ಹೋದೆ. ಬಿಳಿ, ಹಸಿರು, ಕಂದು ಗಾಜಿಗೆ ಬೇರೆ ಬೇರೆ ಡಬ್ಬ. ನೀಲಿ ಬಾಟಲಿ ಹಸಿರಿನ ಜೊತೆ ಹೋಗಬೇಕು ಅನ್ನೋದನ್ನೂ ಓದಿಕೊಂಡಿದ್ದೆ. ಅಷ್ಟು ತಯಾರಿ!

ಮೊದಲ ಬಾಟಲಿ ಒಳಗೆ ಬಿದ್ದು ಫಳ್ ಅಂತ ಒಡೆಯಿತು. ಬೀದಿ ಎಷ್ಟು ಸುಮ್ಮನಿತ್ತೆಂದರೆ, ನಾನೇ ಬೆಚ್ಚಿಬಿದ್ದೆ. ಎರಡನೆಯದು ಕೈಯಲ್ಲಿರುವಾಗಲೇ ಎದುರಿನ ಕಿಟಕಿ ತೆರೆಯಿತು. ಒಬ್ಬರು ವಯಸ್ಸಾದ ಹೆಂಗಸು. ಅವರ ಮಾತಿನಲ್ಲಿ ನನಗೆ ತಿಳಿದದ್ದು ಒಂದೇ ಪದ, 'ಝೊನ್‌ಟಾಗ್'. ಭಾನುವಾರ. ಡಬ್ಬದ ಮೇಲೆ ಯಾವ ದಿನ, ಎಷ್ಟು ಗಂಟೆಗೆ ಹಾಕಬಹುದು ಅಂತ ಬರೆದೇ ಇತ್ತು. ನಾನು ಬಣ್ಣ ಮಾತ್ರ ನೋಡಿದ್ದೆ.

ಚೀಲ ಹೊತ್ತುಕೊಂಡು ವಾಪಸ್ ಬಂದೆ. ಮೆಟ್ಟಿಲು ಹತ್ತುವಾಗ ಬಾಟಲಿಗಳು ಕಿಣಿಕಿಣಿ ಅಂದವು, ಎಲ್ಲರಿಗೂ ಕೇಳಲಿ ಅನ್ನುವ ಹಾಗೆ.

ಅಲ್ಲಿ ಭಾನುವಾರದ ವಿರಾಮ ಸಂವಿಧಾನದಲ್ಲೇ ಇದೆ. 1919ರ ಸಂವಿಧಾನದ ಆ ಸಾಲನ್ನು 1949ರಲ್ಲೂ ಹಾಗೇ ಉಳಿಸಿಕೊಂಡರು. ಅಂಗಡಿಗಳು ಬಾಗಿಲು ಹಾಕುವುದೂ ಅದಕ್ಕೇ. ಇದೆಲ್ಲ ಗೊತ್ತಾಗಿದ್ದು ಆಮೇಲೆ. ಆ ವಾರವಿಡೀ ನನ್ನ ತಲೆಯಲ್ಲಿ ಓಡಿದ್ದು ಬೇರೆ: ಪರದೇಶದವನು ಅಂತ ತಾನೇ ಬೈದದ್ದು? ಎದುರಿಗೆ ಸಿಕ್ಕರೆ ನೆಲ ನೋಡುತ್ತಾ ಹೋಗುತ್ತಿದ್ದೆ.

ಒಂದು ತಿಂಗಳ ನಂತರ, ಇನ್ನೊಂದು ಭಾನುವಾರ, ಕೆಳಮನೆಯ ಜರ್ಮನ್ ಹುಡುಗ ಗೋಡೆಗೆ ಡ್ರಿಲ್ ಹಾಕಿದ. ಅದೇ ಕಿಟಕಿ ತೆರೆಯಿತು, ಅದೇ ಗಂಟಲು. ನನಗಿಂತ ಜಾಸ್ತಿಯೇ ಬೈಸಿಕೊಂಡ. ಹೇಳಬಾರದು, ಆದರೆ ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ. ಮರುದಿನ ನಾನೇ ಮೊದಲು ನಮಸ್ಕಾರ ಹೇಳಿದೆ. ಅವರು ನಿಂತರು. ನನ್ನ ಹರಕು ಜರ್ಮನ್ ತಿದ್ದಲು ಶುರು ಮಾಡಿದ್ದೂ ಅವತ್ತಿನಿಂದಲೇ.

ನಮ್ಮ ನೀನು, ನೀವು ಥರ ಅವರಲ್ಲೂ 'ಡೂ', 'ಝೀ' ಇದೆ. 'ಡೂ' ಅನ್ನೋಣ ಅಂತ ಹೇಳಬೇಕಾದವರು ದೊಡ್ಡವರು. ವರ್ಷ ಕಳೆದ ಮೇಲೆ ಅವರು ಮೆಟ್ಟಿಲ ಮೇಲೆ ಕೈ ಚಾಚಿ ಅದನ್ನು ಹೇಳಿದರು. ಅದೆಷ್ಟು ದೊಡ್ಡ ಮಾತು ಅಂತ ಅಷ್ಟರಲ್ಲಿ ನನಗೆ ಗೊತ್ತಿತ್ತು. ಆದರೆ ಎಪ್ಪತ್ತು ದಾಟಿದವರನ್ನು ನೀನು ಅನ್ನೋದು ಹೇಗೆ? ನಾಲಿಗೆ ಹೊರಳಲಿಲ್ಲ. ಆ ಪದವೇ ಬಾರದ ಹಾಗೆ ವಾಕ್ಯ ಸುತ್ತಿಸಿ ಮಾತಾಡುತ್ತಿದ್ದೆ. ಅವರು ಅದನ್ನೂ ತಿದ್ದುತ್ತಿದ್ದರು.